ಡೈನೋಸಾರ್ ಮೂಳೆ ಯಾರ ಸ್ವತ್ತು? ಅಗೆಯುವ ಮೊದಲೇ ತೀರ್ಮಾನವಾಗಲಿ

ಮಾನ್ಯ ಸಂಪಾದಕರೇ,

ಡೈನೋಸಾರ್ ಅಸ್ಥಿಪಂಜರಗಳ ಹರಾಜಿನ ಸುದ್ದಿಗಳು ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿವೆ. ಎಷ್ಟಕ್ಕೆ ಹೋಯಿತು, ಯಾರು ಕೊಂಡರು, ಎಷ್ಟು ಉದ್ದವಿತ್ತು ಎಂಬ ವಿವರಗಳು ಓದುಗರಿಗೆ ಸಿಗುತ್ತವೆ; ಮಾರಿದವರಿಗೆ ಅದು ಸ್ವಂತವಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಅಷ್ಟಾಗಿ ಯಾರೂ ಎತ್ತುವುದಿಲ್ಲ. ಕಳೆದ ಮೂರು ದಶಕಗಳ ಪ್ರಮುಖ ವ್ಯಾಜ್ಯಗಳನ್ನು ಒಟ್ಟಿಗಿಟ್ಟು ನೋಡಿದರೆ, ಪಳೆಯುಳಿಕೆಗೆಂದೇ ರೂಪಿಸಿದ ಕಾನೂನು ಇಲ್ಲದ ಕಡೆ ನ್ಯಾಯಾಲಯಗಳು ಅದನ್ನು ಒಮ್ಮೆ ಜಮೀನೆಂದೂ ಒಮ್ಮೆ ಖನಿಜವೆಂದೂ ಮತ್ತೊಮ್ಮೆ ಕಳ್ಳಸಾಗಣೆಯ ಸರಕೆಂದೂ ಪರಿಗಣಿಸಿ ತೀರ್ಪು ನೀಡಬೇಕಾಗಿ ಬಂದಿರುವುದು ಕಾಣುತ್ತದೆ. ಪಳೆಯುಳಿಕೆಯನ್ನು ಇವೆಲ್ಲಕ್ಕಿಂತ ಬೇರೆಯಾದ ಸ್ವತ್ತೆಂದು ಗುರುತಿಸಿ, ಅಗೆತಕ್ಕೆ ಮೊದಲೇ ಹಕ್ಕುಬಾಧ್ಯತೆಗಳನ್ನು ಲಿಖಿತವಾಗಿ ನಿಗದಿಪಡಿಸುವ ಕಾನೂನು ಬೇಕು ಎಂಬುದು ನನ್ನ ವಾದ.

ಈ ವಿಷಯದ ಚರ್ಚೆ 'ಸೂ' ಎಂಬ ಟಿರನೋಸಾರಸ್ ರೆಕ್ಸ್‌ನಿಂದಲೇ ಶುರುವಾಗಬೇಕು. 1990ರ ಆಗಸ್ಟ್ 12ರಂದು ಅಮೆರಿಕದ ಸೌತ್ ಡಕೋಟಾದಲ್ಲಿ ಬ್ಲ್ಯಾಕ್ ಹಿಲ್ಸ್ ಇನ್‌ಸ್ಟಿಟ್ಯೂಟ್ ಎಂಬ ಖಾಸಗಿ ಸಂಸ್ಥೆಯ ತಂಡ ಆ ಬೇಸಿಗೆಯ ಕೆಲಸ ಮುಗಿಸುವ ಹಂತದಲ್ಲಿತ್ತು. ವಾಹನದ ಟೈರು ಕೈಕೊಟ್ಟಿದ್ದರಿಂದ ಉಳಿದವರು ಅದನ್ನು ರಿಪೇರಿ ಮಾಡಿಸಲು ಹೋದಾಗ, ತಂಡದ ಸೂ ಹೆಂಡ್ರಿಕ್ಸನ್ ಅದುವರೆಗೆ ಯಾರೂ ಹುಡುಕಿರದ ದಿಬ್ಬವೊಂದರ ಕಡೆ ನಡೆದರು. ದಿಬ್ಬದ ಬುಡದಲ್ಲಿ ಮೂಳೆಯ ಚೂರುಗಳು ಉದುರಿಬಿದ್ದಿದ್ದವು. ತಲೆಯೆತ್ತಿ ನೋಡಿದರೆ ಮೇಲೆ ಬಂಡೆಯಿಂದ ಬೆನ್ನೆಲುಬಿನ ಮಣಿಗಳು ಹೊರಚಾಚಿಕೊಂಡಿದ್ದವು. ಆಕೆ ತಂದು ತೋರಿಸಿದ ಚೂರುಗಳ ಒಳಭಾಗ ಜೇನುಹುಟ್ಟಿನಂತೆ ಪೊಳ್ಳು ಪೊಳ್ಳಾಗಿದ್ದುದನ್ನು ಕಂಡು, ಇದು ಮಾಂಸಾಹಾರಿ ಡೈನೋಸಾರ್‌ನ ಮೂಳೆ ಎಂದು ಸಂಸ್ಥೆಯ ಪೀಟರ್ ಲಾರ್ಸನ್ ಗುರುತಿಸಿದರು. ಅಗೆದು ಮುಗಿಸುವ ಹೊತ್ತಿಗೆ ಸಿಕ್ಕಿದ್ದು, ಗಾತ್ರದ ಲೆಕ್ಕದಲ್ಲಿ ಸುಮಾರು ಶೇ 90ರಷ್ಟು ಪೂರ್ಣವಾಗಿದ್ದ ಅಸ್ಥಿಪಂಜರ. ಅಷ್ಟು ಪೂರ್ಣವಾದ ಟಿ. ರೆಕ್ಸ್ ಅದಕ್ಕೆ ಮೊದಲು ಸಿಕ್ಕಿರಲಿಲ್ಲ.

ಜಮೀನಿನ ಮಾಲೀಕರಿಗೆ ಸಂಸ್ಥೆ 5,000 ಡಾಲರ್‌ನ ಚೆಕ್ ಕೊಟ್ಟಿತ್ತು. ಅದು ಪಳೆಯುಳಿಕೆಯ ಬೆಲೆ ಎಂದು ಸಂಸ್ಥೆ ಹೇಳಿತು; ಅಗೆಯಲು ಅನುಮತಿ ಕೊಟ್ಟದ್ದಕ್ಕೆ ಮಾತ್ರ ಸಂದ ಹಣ ಎಂದು ಮಾಲೀಕರು ಹೇಳಿದರು. ಇಬ್ಬರ ನಡುವೆ ಸ್ಪಷ್ಟವಾದ ಲಿಖಿತ ಕರಾರು ಇರಲಿಲ್ಲ. ಸಾಲದೆಂಬಂತೆ ಆ ಜಮೀನು ಶೈಯೆನ್ ರಿವರ್ ಮೂಲನಿವಾಸಿ ಮೀಸಲು ಪ್ರದೇಶದ ಒಳಗಿದ್ದು, ಮಾಲೀಕರ ಪರವಾಗಿ ಅದನ್ನು ಅಮೆರಿಕ ಸರ್ಕಾರ ನ್ಯಾಸವಾಗಿ ಹಿಡಿದಿತ್ತು. ಬುಡಕಟ್ಟು ಮಂಡಳಿಯೂ ಹಕ್ಕು ಮಂಡಿಸಿತು. 1992ರ ಮೇ 14ರಂದು ಎಫ್‌ಬಿಐ ಅಧಿಕಾರಿಗಳು ನ್ಯಾಷನಲ್ ಗಾರ್ಡ್ ಪಡೆಯೊಂದಿಗೆ ಬಂದು, ಮೂಳೆಗಳ ಪೆಟ್ಟಿಗೆಗಳನ್ನು ಜಪ್ತಿ ಮಾಡಿ ಲಾರಿಗಳಲ್ಲಿ ಸಾಗಿಸಿದರು. ಮುಂದಿನ ವರ್ಷ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪಿನ ತಿರುಳು ಇಷ್ಟು: ಅಗೆದು ತೆಗೆಯುವ ತನಕ ಪಳೆಯುಳಿಕೆ ನೆಲದ ಭಾಗವೇ ಆಗಿತ್ತು, ಅಂದರೆ ಸ್ಥಿರಾಸ್ತಿಯಾಗಿತ್ತು, ನ್ಯಾಸದಲ್ಲಿರುವ ಸ್ಥಿರಾಸ್ತಿಯನ್ನು ಸರ್ಕಾರದ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲವಾದ್ದರಿಂದ ಆ ಮಾರಾಟ ಊರ್ಜಿತವಲ್ಲ. ಹೀಗೆ ಮೂಳೆಗಳು ಜಮೀನಿನ ಮಾಲೀಕರಿಗೆ ಮರಳಿದವು. 1997ರ ಅಕ್ಟೋಬರ್ 4ರಂದು ನ್ಯೂಯಾರ್ಕ್‌ನ ಸದಬೀಸ್ ಹರಾಜಿನಲ್ಲಿ ಅವು 83.6 ಲಕ್ಷ ಡಾಲರ್‌ಗೆ ಹೋದವು. ಮೆಕ್‌ಡೊನಾಲ್ಡ್ಸ್ ಮತ್ತು ಡಿಸ್ನಿ ಕಂಪನಿಗಳು ಹಣ ನೀಡಿದ್ದರಿಂದ ಷಿಕಾಗೋದ ಫೀಲ್ಡ್ ಮ್ಯೂಸಿಯಂ ಅದನ್ನು ಕೊಳ್ಳಲು ಸಾಧ್ಯವಾಯಿತು. ದೊಡ್ಡ ಕಂಪನಿಗಳಿಗೆ ಆ ಹೊತ್ತಿಗೆ ಡೈನೋಸಾರ್ ಮೇಲೆ ಒಲವು ಬಾರದೇ ಹೋಗಿದ್ದರೆ ಸೂ ಈಗ ಯಾರ ಹಜಾರದಲ್ಲಿ ಇರುತ್ತಿತ್ತೋ ಹೇಳಲಾಗದು.

ಕಾನೂನಿನ ದೃಷ್ಟಿಯಿಂದ ಆ ತೀರ್ಪಿನಲ್ಲಿ ತಪ್ಪು ಹುಡುಕುವುದು ಕಷ್ಟ. ನ್ಯಾಯಾಧೀಶರ ಮುಂದಿದ್ದದ್ದು ಭೂಕಾನೂನು, ಅದನ್ನೇ ಅವರು ಅನ್ವಯಿಸಿದರು. ಆದರೆ ಕೋಟ್ಯಂತರ ವರ್ಷಗಳ ಹಿಂದೆ ಬದುಕಿದ್ದ ಪ್ರಾಣಿಯ ಅವಶೇಷವನ್ನು ಯಾರು ಕಾಪಾಡಬೇಕು, ಯಾರು ಅಧ್ಯಯನ ಮಾಡಬೇಕು ಎಂಬ ಪ್ರಶ್ನೆಗೆ ಆ ಕಾನೂನಿನಲ್ಲಿ ಜಾಗವೇ ಇರಲಿಲ್ಲ. ವ್ಯಾಜ್ಯ ಮುಗಿಯುವ ತನಕ ಮೂಳೆಗಳು ಪೆಟ್ಟಿಗೆಗಳಲ್ಲೇ ಉಳಿದವು.

ಇದಕ್ಕಿಂತ ವಿಚಿತ್ರವಾದದ್ದು ಮೊಂಟಾನಾ ರಾಜ್ಯದ ವ್ಯಾಜ್ಯ. 2006ರಲ್ಲಿ ಅಲ್ಲಿನ ಹೆಲ್ ಕ್ರೀಕ್ ಶಿಲಾಸ್ತರದಲ್ಲಿ ಒಂದು ಟ್ರೈಸೆರಟಾಪ್ಸ್ ಮತ್ತು ಒಂದು ಸಣ್ಣ ಟಿರನೋಸಾರ್ ಒಂದರ ಪಕ್ಕ ಒಂದು ಹೂತುಹೋಗಿದ್ದ ಸ್ಥಿತಿಯಲ್ಲಿ ಸಿಕ್ಕವು. 'ಕಾದಾಡುವ ಡೈನೋಸಾರ್‌ಗಳು' ಎಂಬ ಹೆಸರು ಅವುಗಳಿಗೆ ಅಂಟಿಕೊಂಡಿತು. ಅವು ನಿಜಕ್ಕೂ ಕಾದಾಡುತ್ತಾ ಸತ್ತವೇ ಎಂಬುದು ಬೇರೆ ಮಾತು. ಆ ಜಮೀನಿನ ಮೇಲ್ಮೈ ಹಕ್ಕು ಒಂದು ಕುಟುಂಬದ್ದಾಗಿತ್ತು, ಭೂಗತ ಖನಿಜಗಳ ಹಕ್ಕಿನಲ್ಲಿ ಮೂರನೇ ಎರಡು ಪಾಲು ಜಮೀನನ್ನು ಮೊದಲು ಮಾರಿದ್ದವರ ಬಳಿಯೇ ಉಳಿದಿತ್ತು. ತೈಲ, ಅನಿಲ, ಕಲ್ಲಿದ್ದಲಿನ ಸಲುವಾಗಿ ಹೀಗೆ ಹಕ್ಕುಗಳನ್ನು ಬೇರ್ಪಡಿಸಿ ಮಾರುವುದು ಆ ಸೀಮೆಯಲ್ಲಿ ಸಾಮಾನ್ಯ. ಮೂಳೆಗಳಿಗೆ ಭಾರಿ ಬೆಲೆಯಿದೆ ಎಂದು ಗೊತ್ತಾದೊಡನೆ ಖನಿಜ ಹಕ್ಕುದಾರರು, ಪಳೆಯುಳಿಕೆಯೂ ಖನಿಜವೇ, ಆದ್ದರಿಂದ ನಮಗೂ ಪಾಲು ಬರಬೇಕು ಎಂದರು.

2018ರ ನವೆಂಬರ್‌ನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಮೂವರ ಪೀಠ ಆ ವಾದವನ್ನು ಎತ್ತಿಹಿಡಿಯಿತು. ತೀರ್ಪು ಬಂದಾಗ ವಸ್ತುಸಂಗ್ರಹಾಲಯಗಳಿಗೆ ದಿಗಿಲಾದದ್ದು ಸಹಜವೇ. ಅದುವರೆಗೆ ಅವು ಮೇಲ್ಮೈ ಹಕ್ಕುದಾರರ ಅನುಮತಿಯನ್ನಷ್ಟೇ ಪಡೆದು ಅಗೆಯುತ್ತಿದ್ದವು. ಈ ತೀರ್ಪು ನಿಂತರೆ, ಹತ್ತಾರು ವರ್ಷಗಳಿಂದ ಪ್ರದರ್ಶನದಲ್ಲಿರುವ ಮೂಳೆಗಳ ಮೇಲೂ ಯಾವುದೋ ಹಳೆಯ ಖನಿಜ ಪತ್ರ ಹಿಡಿದವರು ದಾವೆ ಹೂಡಬಹುದಾಗಿತ್ತು. 2019ರಲ್ಲಿ ಮೊಂಟಾನಾ ಶಾಸನಸಭೆ ಪಳೆಯುಳಿಕೆ ಮೇಲ್ಮೈ ಹಕ್ಕುದಾರರದ್ದೇ ಎಂದು ಕಾನೂನು ಮಾಡಿತು. ಮೊದಲೇ ನ್ಯಾಯಾಲಯದಲ್ಲಿದ್ದ ಈ ಪ್ರಕರಣದ ಬಗ್ಗೆ ರಾಜ್ಯದ ಸುಪ್ರೀಂ ಕೋರ್ಟ್ 2020ರ ಮೇ ತಿಂಗಳಲ್ಲಿ, ಜನಸಾಮಾನ್ಯರ ತಿಳಿವಳಿಕೆಯ ಅರ್ಥದಲ್ಲಿ ಪಳೆಯುಳಿಕೆ ಖನಿಜವಲ್ಲ ಎಂದು ಹೇಳಿತು. ಆ ತೀರ್ಪಿನಲ್ಲೂ ನ್ಯಾಯಮೂರ್ತಿಗಳು 4-3ರಂತೆ ಭಿನ್ನವಾಗಿದ್ದರು ಎಂಬುದನ್ನು ಮರೆಯಬಾರದು. ಒಂದೇ ಮೂಳೆಯ ಬಗ್ಗೆ ಕಾನೂನು ಬಲ್ಲವರೇ ಇಷ್ಟು ಸಮಸಮವಾಗಿ ಒಡೆದುಹೋದರು ಎಂದರೆ ದೋಷ ಅವರದಲ್ಲ, ಅವರ ಕೈಗೆ ಕೊಟ್ಟ ಕಾನೂನಿನದು.

ಈ ಜಗಳಕ್ಕೆ ವಿಜ್ಞಾನ ತೆತ್ತ ಬೆಲೆ ಏನೆಂಬುದು 2025ರಲ್ಲಿ ತಿಳಿಯಿತು. ಸಣ್ಣ ಗಾತ್ರದ ಕೆಲವು ಟಿರನೋಸಾರ್‌ಗಳು ಮರಿ ಟಿ. ರೆಕ್ಸ್‌ಗಳೋ ಅಥವಾ ನ್ಯಾನೋಟಿರನಸ್ ಎಂಬ ಪ್ರತ್ಯೇಕ ಪ್ರಾಣಿಯೋ ಎಂಬ ವಿವಾದ ದಶಕಗಳಿಂದ ನಡೆದಿತ್ತು. ಅದನ್ನು ಬಗೆಹರಿಸಬಲ್ಲ ಬಹುಮುಖ್ಯ ಸಾಕ್ಷ್ಯವಾದ ಮೊಂಟಾನಾದ ಆ ಸಣ್ಣ ಟಿರನೋಸಾರ್ ಪ್ಲಾಸ್ಟರ್ ಹೊದ್ದು ವರ್ಷಗಟ್ಟಲೆ ಗೋದಾಮಿನಲ್ಲಿ ಕುಳಿತಿತ್ತು. 2013ರ ಹರಾಜಿನಲ್ಲಿ ನಿರೀಕ್ಷಿತ ಬೆಲೆ ಬಾರದೆ ಅದು ಮಾರಾಟವಾಗದೇ ಉಳಿದದ್ದು ಒಂದು ರೀತಿಯಲ್ಲಿ ಅದೃಷ್ಟವೇ. 2020ರಲ್ಲಿ ನಾರ್ತ್ ಕೆರೊಲಿನಾದ ನೈಸರ್ಗಿಕ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಅದು ಸೇರಿತು. ಆ ನಂತರ ಲಿಂಡ್ಸೆ ಝಾನ್ನೊ ಮತ್ತು ಜೇಮ್ಸ್ ನಾಪೊಲಿ ಅದನ್ನು ಕೂಲಂಕಷವಾಗಿ ಪರೀಕ್ಷಿಸಿ, ಇದು ಮರಿಯಲ್ಲ, ಬೆಳೆದ ಪ್ರಾಣಿ, ಬೇರೆಯದೇ ಕುಲದ್ದು ಎಂದು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅಗೆದ ಮೇಲೆ ಹತ್ತೊಂಬತ್ತು ವರ್ಷ ಕಳೆದಿತ್ತು.

ಖಾಸಗಿಯವರ ಕೈಯಲ್ಲಿದ್ದರೇನು, ಮೂಳೆ ಎಲ್ಲಿದ್ದರೂ ಮೂಳೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ವಿಜ್ಞಾನದಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಪರೀಕ್ಷಿಸಲು ಸಾಧ್ಯವಾಗಬೇಕು. ಇಂದು ಅಳೆದ ಹಲ್ಲನ್ನು ಐವತ್ತು ವರ್ಷಗಳ ನಂತರ ಹೊಸ ಉಪಕರಣದಿಂದ ಮತ್ತೊಬ್ಬರು ಅಳೆಯಬಹುದು ಎಂಬ ಖಾತರಿ ಇರಬೇಕು. ಮನೆಯ ಹಜಾರದಲ್ಲಿರುವ ಅಸ್ಥಿಪಂಜರಕ್ಕೆ ಆ ಖಾತರಿ ಇಲ್ಲ. ಮಾಲೀಕ ಬದಲಾಗಬಹುದು, ಬಾಗಿಲು ಮುಚ್ಚಬಹುದು. ಅನೇಕ ಸಂಶೋಧನಾ ಪತ್ರಿಕೆಗಳು ಖಾಸಗಿ ಸಂಗ್ರಹದ ಮಾದರಿಗಳ ಮೇಲಿನ ಪ್ರಬಂಧಗಳನ್ನು ಸ್ವೀಕರಿಸದಿರುವುದು ಇದೇ ಕಾರಣಕ್ಕೆ. ಥಾಮಸ್ ಕಾರ್ ಎಂಬ ತಜ್ಞರು 2025ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಧ್ಯಯನಯೋಗ್ಯವಾದ ಟಿ. ರೆಕ್ಸ್ ಮಾದರಿಗಳಲ್ಲಿ ಸಾರ್ವಜನಿಕ ಸಂಸ್ಥೆಗಳಲ್ಲಿ ಇರುವುದು 61, ಖಾಸಗಿ ಮತ್ತು ವಾಣಿಜ್ಯ ಹಿಡಿತದಲ್ಲಿ ಇರುವುದು 71. ಜಗತ್ತಿನಲ್ಲೇ ಅತಿ ಹೆಚ್ಚು ಅಧ್ಯಯನಕ್ಕೊಳಗಾದ ಡೈನೋಸಾರ್‌ನ ಪಾಡು ಇದಾದರೆ ಉಳಿದವುಗಳ ಗತಿಯನ್ನು ಊಹಿಸಿಕೊಳ್ಳಬಹುದು.

2020ರಲ್ಲಿ 'ಸ್ಟಾನ್' ಎಂಬ ಟಿ. ರೆಕ್ಸ್ 3.18 ಕೋಟಿ ಡಾಲರ್‌ಗೆ ಹರಾಜಾಯಿತು. ಅದರ ಮಾರಾಟಕ್ಕೆ ಕಾರಣವಾದದ್ದು ವಿಜ್ಞಾನವಲ್ಲ, ಅದನ್ನು ಹೊಂದಿದ್ದ ಬ್ಲ್ಯಾಕ್ ಹಿಲ್ಸ್ ಸಂಸ್ಥೆಯ ಪಾಲುದಾರರ ಜಗಳ. ಅದು ಅಬುಧಾಬಿಯ ವಸ್ತುಸಂಗ್ರಹಾಲಯಕ್ಕೆ ಹೋಗಲಿದೆ ಎಂಬುದು ಹೊರಗಿನವರಿಗೆ ತಿಳಿಯಲು ಒಂದೂವರೆ ವರ್ಷ ಬೇಕಾಯಿತು. 2024ರ ಜುಲೈನಲ್ಲಿ 'ಏಪೆಕ್ಸ್' ಎಂಬ ಸ್ಟೆಗೋಸಾರಸ್ 4.46 ಕೋಟಿ ಡಾಲರ್ ತಂದಿತು. ಹರಾಜು ಸಂಸ್ಥೆಯೇ ಅಂದಾಜು ಮಾಡಿದ್ದ ಬೆಲೆ 40ರಿಂದ 60 ಲಕ್ಷ ಡಾಲರ್. ಕೊಂಡ ಉದ್ಯಮಿ ಅದನ್ನು ನ್ಯೂಯಾರ್ಕ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ಎರವಲು ಕೊಟ್ಟಿದ್ದಾರೆ. ಅದು ಮೆಚ್ಚುವ ಕೆಲಸವೇ, ಅನುಮಾನವಿಲ್ಲ. ಆದರೆ ಎರವಲಿಗೆ ಅವಧಿ ಇರುತ್ತದೆ, ಮತ್ತು ಇಂತಹ ಬೆಲೆ ಒಮ್ಮೆ ಸುದ್ದಿಯಾದ ಮೇಲೆ ಯಾವ ಭೂಮಾಲೀಕರೂ ವಿಶ್ವವಿದ್ಯಾಲಯದ ತಂಡಕ್ಕೆ ಪುಕ್ಕಟೆಯಾಗಿ ಗೇಟು ತೆರೆಯುವುದಿಲ್ಲ.

ಹಾಗೆಂದು ಮಾರುವುದಕ್ಕಾಗಿ ಹುಡುಕುವವರನ್ನೆಲ್ಲ ಕಳ್ಳರೆಂದು ಕರೆಯುವವರ ಸಾಲಿಗೆ ನಾನು ಸೇರುವುದಿಲ್ಲ. ಬಯಲಾದ ಮೂಳೆ ಮಳೆ, ಹಿಮ, ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ. ಪ್ರಾಧ್ಯಾಪಕರು ಬರಲಿ ಎಂದು ಅದು ಕಾಯುವುದಿಲ್ಲ. ಇಂಗ್ಲೆಂಡಿನ ಲೈಮ್ ರೀಜಿಸ್‌ನ ಸಮುದ್ರದಂಡೆಯ ಬಂಡೆಗಳಲ್ಲಿ ಹುಡುಕಿ, ಸಿಕ್ಕಿದ್ದನ್ನು ಮಾರಿ ಜೀವನ ಸಾಗಿಸಿದ ಮೇರಿ ಆ್ಯನಿಂಗ್ ಇಲ್ಲದಿದ್ದರೆ ಇಕ್ತಿಯೋಸಾರ್, ಪ್ಲೀಸಿಯೋಸಾರ್ ಎಂಬ ಪ್ರಾಚೀನ ಕಡಲ ಸರೀಸೃಪಗಳ ಬಗೆಗಿನ ಆರಂಭದ ತಿಳಿವಳಿಕೆಯೇ ಇರುತ್ತಿರಲಿಲ್ಲ. 1823ರಲ್ಲಿ ಆಕೆ ಕಂಡುಹಿಡಿದ ಪ್ಲೀಸಿಯೋಸಾರ್ ಅನ್ನು ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಯಲ್ಲಿ ಮಂಡಿಸಿದ ವಿದ್ವಾಂಸರು ಆಕೆಯ ಹೆಸರನ್ನೂ ಎತ್ತಲಿಲ್ಲ. ಮಹಿಳೆಯರಿಗೆ ಆ ಸೊಸೈಟಿಯಲ್ಲಿ ಪ್ರವೇಶವೂ ಇರಲಿಲ್ಲ. ಒಡೆತನದ ಜಗಳ ಮೂಳೆಯದ್ದು ಮಾತ್ರವಲ್ಲ, ಕಂಡುಹಿಡಿದ ಕೀರ್ತಿಯದ್ದೂ ಹೌದು. ಕಂಡವರಿಗೆ ಹಣವನ್ನೂ ಹೆಸರನ್ನೂ ನಿರಾಕರಿಸುವ ಕಾನೂನು ಮಾಡಿದರೆ, ಮುಂದಿನ ಬಾರಿ ಅವರು ಯಾರಿಗೂ ತಿಳಿಸದೆ ಮಾರಿಬಿಡುತ್ತಾರೆ.

ಪಳೆಯುಳಿಕೆಯೆಲ್ಲ ಸರ್ಕಾರದ ಸ್ವತ್ತು ಎಂದು ಘೋಷಿಸಿದ ದೇಶಗಳಲ್ಲಿ ಆಗಿರುವುದೂ ಬಹುಮಟ್ಟಿಗೆ ಇದೇ. ಮಂಗೋಲಿಯಾದಲ್ಲಿ ಪಳೆಯುಳಿಕೆಗಳ ಖಾಸಗಿ ಮಾರಾಟಕ್ಕೂ ರಫ್ತಿಗೂ ಬಹುಕಾಲದಿಂದ ನಿಷೇಧವಿದೆ. ಆದರೂ 2012ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಟಾರ್ಬೋಸಾರಸ್ ಬಟಾರ್ ಎಂಬ ಡೈನೋಸಾರ್‌ನ ಅಸ್ಥಿಪಂಜರ 10.5 ಲಕ್ಷ ಡಾಲರ್‌ಗೆ ಕೂಗಲ್ಪಟ್ಟಿತು. ಅದರ ಆಮದು ದಾಖಲೆಯಲ್ಲಿ ಮೂಲ ದೇಶ ಬ್ರಿಟನ್ ಎಂದೂ ಬೆಲೆ 15,000 ಡಾಲರ್ ಎಂದೂ ಬರೆದಿತ್ತು. ಬ್ರಿಟನ್ನಿನಲ್ಲಿ ಈ ಪ್ರಾಣಿ ಎಂದೂ ಸಿಕ್ಕಿಲ್ಲ. ಮಂಗೋಲಿಯಾದ ತಜ್ಞೆ ಬೊಲೊರ್ಟ್‌ಸೆಟ್ಸೆಗ್ ಮಿನ್‌ಜಿನ್ ಸುದ್ದಿ ನೋಡಿ ತಮ್ಮ ಸರ್ಕಾರವನ್ನು ಎಚ್ಚರಿಸಿದರು. ತಜ್ಞರು ಮೂಳೆಯ ಬಣ್ಣ ಮತ್ತು ಲಕ್ಷಣಗಳನ್ನು ನೋಡಿ ಅದು ಗೋಬಿ ಮರುಭೂಮಿಯದ್ದೆಂದು ಹೇಳಿದರು. ಅಮೆರಿಕ ಸರ್ಕಾರ ಅಸ್ಥಿಪಂಜರವನ್ನೇ ಪ್ರತಿವಾದಿಯಾಗಿಸಿ ದಾವೆ ಹೂಡಿತು, ತಂದು ಮಾರಲು ಹೊರಟಿದ್ದ ವ್ಯಾಪಾರಿ ತಪ್ಪೊಪ್ಪಿಕೊಂಡ, 2013ರಲ್ಲಿ ಮೂಳೆಗಳು ಉಲಾನ್ ಬಾಟರ್‌ಗೆ ಮರಳಿದವು. ಆದರೆ ಅವನ್ನು ಗೋಬಿಯ ಯಾವ ಜಾಗದಿಂದ, ಯಾವ ಪದರದಿಂದ ಕಿತ್ತದ್ದು, ಪಕ್ಕದಲ್ಲಿ ಇನ್ನೇನಿತ್ತು ಎಂಬ ಮಾಹಿತಿ ಮರಳಲಿಲ್ಲ. ಕಳ್ಳ ಅಗೆತದಲ್ಲಿ ಹೋಗುವುದು ಅದೇ, ಮತ್ತು ಅದನ್ನು ಯಾವ ನ್ಯಾಯಾಲಯವೂ ವಾಪಸು ಕೊಡಿಸಲಾರದು.

ಕೈ ಬದಲಾಗುವಾಗ ಮೂಳೆಯೂ ಬದಲಾಗುತ್ತದೆ ಎಂಬುದಕ್ಕೆ ಬ್ರೆಜಿಲ್‌ನಿಂದ ಹೊರಹೋದ ಒಂದು ತಲೆಬುರುಡೆ ಸಾಕ್ಷಿ. ಜರ್ಮನಿಯ ಸ್ಟುಟ್‌ಗಾರ್ಟ್ ವಸ್ತುಸಂಗ್ರಹಾಲಯಕ್ಕೆ ಬಂದ ಆ ಬುರುಡೆಗೆ ಹೆಚ್ಚು ಬೆಲೆ ಬರಲೆಂದು ಯಾರೋ ಮೂತಿಯನ್ನು ಕೃತಕವಾಗಿ ಉದ್ದ ಮಾಡಿದ್ದರು. ಮೆತ್ತಿದ ಗಾರೆಯನ್ನು ಕೆರೆದು ತೆಗೆದ ಸಂಶೋಧಕರಿಗೆ ಎಷ್ಟು ಕಿರಿಕಿರಿಯಾಯಿತೆಂದರೆ, 1996ರಲ್ಲಿ ಅವರು ಆ ಪ್ರಾಣಿಗೆ 'ಇರಿಟೇಟರ್' ಎಂದೇ ಹೆಸರಿಟ್ಟರು. ಬ್ರೆಜಿಲ್‌ನಲ್ಲಿ 1942ರ ಕಾನೂನಿನಂತೆ ಪಳೆಯುಳಿಕೆಗಳು ರಾಷ್ಟ್ರದ ಸ್ವತ್ತು. 2020ರಲ್ಲಿ 'ಉಬಿರಜಾರ' ಎಂಬ ಗರಿಯುಳ್ಳ ಪುಟ್ಟ ಡೈನೋಸಾರ್ ಅನ್ನು ಜರ್ಮನಿಯ ಕಾರ್ಲ್ಸ್‌ರೂಹೆ ಸಂಗ್ರಹದಲ್ಲಿದ್ದ ಮಾದರಿಯ ಆಧಾರದಲ್ಲಿ ವರ್ಣಿಸಿದಾಗ, ಆ ಪ್ರಬಂಧದ ಲೇಖಕರಲ್ಲಿ ಒಬ್ಬ ಬ್ರೆಜಿಲ್ ತಜ್ಞರೂ ಇರಲಿಲ್ಲ. ಅಲ್ಲಿನ ವಿಜ್ಞಾನಿಗಳು ಸಾಮಾಜಿಕ ಜಾಲತಾಣಗಳಲ್ಲಿ ಎಬ್ಬಿಸಿದ ಕೂಗಿನಿಂದ ಪ್ರಬಂಧ ಹಿಂತೆಗೆಯಲ್ಪಟ್ಟಿತು, 2023ರ ಜೂನ್‌ನಲ್ಲಿ ಪಳೆಯುಳಿಕೆ ಬ್ರೆಜಿಲ್‌ಗೆ ಹಿಂತಿರುಗಿ, ಅದು ಸಿಕ್ಕಿದ ಅರರಿಪೆ ಪ್ರದೇಶದ ಸಂತಾನಾ ದೊ ಕರೀರಿಯ ವಸ್ತುಸಂಗ್ರಹಾಲಯವನ್ನು ಸೇರಿತು. ರಾಜಧಾನಿಯ ದೊಡ್ಡ ಸಂಸ್ಥೆಗೆ ಕಳಿಸದೆ ಅಲ್ಲಿಗೇ ಕಳಿಸಿದ್ದು ಸರಿಯಾದ ತೀರ್ಮಾನ. ಸುಣ್ಣಕಲ್ಲಿನ ಗಣಿಗಳಲ್ಲಿ ಹಾಸುಗಲ್ಲು ಎಬ್ಬಿಸುವ ಕಾರ್ಮಿಕರ ಕಣ್ಣಿಗೇ ಈ ಪಳೆಯುಳಿಕೆಗಳು ಮೊದಲು ಬೀಳುವುದು. ಅದನ್ನು ತಮ್ಮೂರಿನಲ್ಲೇ ಕಾಪಿಡುವ ಕಟ್ಟಡವೊಂದಿದೆ ಎಂದು ಅವರಿಗೆ ಗೊತ್ತಿರಬೇಕು.

ವಸಾಹತು ಕಾಲದ ಕಥೆ ಇನ್ನೂ ಇತ್ಯರ್ಥವಾಗಿಲ್ಲ. 1909ರಿಂದ 1913ರವರೆಗೆ ಈಗಿನ ತಾಂಜಾನಿಯಾದ ತೆಂಡಗೂರುವಿನಿಂದ 200 ಟನ್‌ಗೂ ಹೆಚ್ಚು ಪಳೆಯುಳಿಕೆಗಳನ್ನು ಅಗೆದು, ಆಫ್ರಿಕನ್ ಕೂಲಿಗಳ ತಲೆ ಮತ್ತು ಹೆಗಲ ಮೇಲೆ ಲಿಂಡಿ ಬಂದರಿಗೆ ಸಾಗಿಸಿ ಬರ್ಲಿನ್‌ಗೆ ಒಯ್ಯಲಾಯಿತು. ಅಲ್ಲಿ ನಿಂತಿರುವ ಹದಿಮೂರು ಮೀಟರ್‌ಗೂ ಎತ್ತರದ ಜಿರಾಫಟೈಟನ್ ಆ ಅಗೆತದ್ದೇ. ಅದನ್ನು ಹಿಂದಿರುಗಿಸಬೇಕೇ ಎಂಬ ಬಗ್ಗೆ ತಾಂಜಾನಿಯಾದಲ್ಲೇ ಎರಡು ಮಾತುಗಳಿವೆ. ಅಗೆದವರ, ಹೊತ್ತವರ ಪಾಲನ್ನು ಪ್ರದರ್ಶನದ ಫಲಕದಲ್ಲಿ ದೊಡ್ಡದಾಗಿ ಬರೆಯಲು ಮಾತ್ರ ಯಾವ ಒಪ್ಪಂದಕ್ಕೂ ಕಾಯಬೇಕಾಗಿಲ್ಲ.

ನನ್ನ ತಿಳಿವಳಿಕೆಯ ಮಟ್ಟಿಗೆ ಕೆನಡಾದ ಆಲ್ಬರ್ಟಾ ಪ್ರಾಂತ್ಯ ಇದ್ದುದರಲ್ಲಿ ಒಳ್ಳೆಯ ದಾರಿ ಕಂಡುಕೊಂಡಿದೆ. ಅಲ್ಲಿ 1978ರಿಂದ ಪಳೆಯುಳಿಕೆಗಳು ಪ್ರಾಂತ್ಯದ ಸ್ವತ್ತು. ಅಗೆಯಲು ಪರವಾನಗಿ ಬೇಕು. ಆದರೆ ನೆಲದ ಮೇಲೆ ಬಿದ್ದಿದ್ದನ್ನು ಜಮೀನಿನವರ ಒಪ್ಪಿಗೆ ಪಡೆದು ಎತ್ತಿಕೊಂಡವರು ಅದರ ಪಾಲಕರಾಗಿ ತಮ್ಮಲ್ಲೇ ಇಟ್ಟುಕೊಳ್ಳಬಹುದು, ಮಾರುವಂತಿಲ್ಲ. 2011ರ ಮಾರ್ಚ್‌ನಲ್ಲಿ ಫೋರ್ಟ್ ಮೆಕ್‌ಮರ್ರಿ ಬಳಿಯ ತೈಲಮರಳಿನ ಗಣಿಯಲ್ಲಿ ಅಗೆಯುವ ಯಂತ್ರದ ಚಾಲಕರೊಬ್ಬರಿಗೆ, ಬಕೆಟ್ಟಿಗೆ ತಾಗಿದ ಕಲ್ಲು ಸುತ್ತಲಿನದಕ್ಕಿಂತ ಗಟ್ಟಿಯಾಗಿ, ಬಣ್ಣದಲ್ಲೂ ಬೇರೆಯಾಗಿ ಕಂಡಿತು. ಒಡೆದ ತುಂಡನ್ನು ಹೊರಳಿಸಿ ನೋಡಿದಾಗ ಸಾಲುಸಾಲಾಗಿ ಜೋಡಿಸಿದಂತಿದ್ದ ಕಂದು ಬಿಲ್ಲೆಗಳು ಕಾಣಿಸಿ, ಅವರು ಕೆಲಸ ನಿಲ್ಲಿಸಿ ಮೇಲಿನವರಿಗೆ ತಿಳಿಸಿದರು. ಇದು ಯಾರದು ಎಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ರಾಯಲ್ ಟಿರೆಲ್ ಮ್ಯೂಸಿಯಂನ ತಂಡ ಬಂದು ಅಗೆಯಿತು. ಮೇಲೆತ್ತುವಾಗ ತನ್ನ ಭಾರಕ್ಕೇ ಬಂಡೆ ತುಂಡಾದಾಗ, ಆ ತುಂಡುಗಳಿಗೆ ಪ್ಲಾಸ್ಟರ್ ಸುತ್ತಿ ಸಾಗಿಸಿತು. ತಂತ್ರಜ್ಞ ಮಾರ್ಕ್ ಮಿಚೆಲ್ ಸುಮಾರು ಐದೂವರೆ ವರ್ಷಗಳಲ್ಲಿ 7,000 ಗಂಟೆ ಕುಳಿತು ಕಲ್ಲನ್ನು ಚೂರು ಚೂರಾಗಿ ಕೆರೆದು ಬಿಡಿಸಿದ ಮೇಲೆ, ಚರ್ಮದ ರಚನೆ ಸಹಿತ ಉಳಿದುಬಂದ ಕವಚಧಾರಿ ಡೈನೋಸಾರ್ ಜಗತ್ತಿನ ಮುಂದೆ ಬಂತು. 2017ರಲ್ಲಿ ಅದಕ್ಕೆ ಅವರದೇ ಹೆಸರು ಸೇರಿಸಿ ಬೊರಿಯಾಲೊಪೆಲ್ಟಾ ಮಾರ್ಕ್‌ಮಿಚೆಲಿ ಎಂದು ಕರೆದರು. ಹಣವಿರುವ ಪ್ರಾಂತ್ಯ, ಸುಸಜ್ಜಿತ ವಸ್ತುಸಂಗ್ರಹಾಲಯ ಎರಡೂ ಇದ್ದುದರಿಂದ ಇದು ಸಾಧ್ಯವಾಯಿತು ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಕಾನೂನು ಮಾತ್ರ ಮಾಡಿ ತಜ್ಞರನ್ನೂ ಕಟ್ಟಡವನ್ನೂ ಕೊಡದಿದ್ದರೆ ಮಂಗೋಲಿಯಾದಲ್ಲಿ ಆದದ್ದೇ ಎಲ್ಲೆಡೆ ಆಗುತ್ತದೆ.

ಭಾರತವೂ ಈ ಚರ್ಚೆಯ ಹೊರಗಿಲ್ಲ. 1828ರಲ್ಲೇ ಜಬಲ್ಪುರದಲ್ಲಿ ಡೈನೋಸಾರ್ ಮೂಳೆಗಳು ಸಿಕ್ಕಿದ್ದವು. ಗುಜರಾತಿನ ಬಾಲಸಿನೋರ್ ಬಳಿಯ ಮೂಳೆಗಳಿಂದ 2003ರಲ್ಲಿ ರಾಜಾಸಾರಸ್ ಗುರುತಿಸಲ್ಪಟ್ಟಿತು. ಕೇಂದ್ರದ ಗಣಿ ಸಚಿವಾಲಯ 2022ರಲ್ಲಿ ಭೂಪರಂಪರೆಯ ತಾಣಗಳು ಮತ್ತು ಅವಶೇಷಗಳ ಸಂರಕ್ಷಣೆಗೆ ಒಂದು ಕರಡು ಮಸೂದೆಯನ್ನು ಪ್ರಕಟಿಸಿತು. ಅಧಿಕಾರವೆಲ್ಲ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕೈಗೇ ಹೋಗುತ್ತದೆ ಎಂದು ಹಲವು ತಜ್ಞರು ತಕರಾರು ತೆಗೆದರು. ಆ ತಕರಾರಿನಲ್ಲಿ ಹುರುಳಿದೆ. ತಾಣವನ್ನು ಸಂರಕ್ಷಿಸುವ ಅಧಿಕಾರ ಒಬ್ಬರದಾದರೂ, ಅಧ್ಯಯನ ಮಾಡುವ ಅವಕಾಶ ವಿಶ್ವವಿದ್ಯಾಲಯಗಳಿಗೆಲ್ಲ ತೆರೆದಿರಬೇಕು.

ಇಂತಹ ಕಾನೂನು ಬರೆಯುವವರು ಮೂಳೆಯ ಬಗ್ಗೆ ಯೋಚಿಸಿದಷ್ಟು ಅದರ ಪ್ರತಿಕೃತಿಯ ಬಗ್ಗೆ ಯೋಚಿಸುವುದಿಲ್ಲ. ಮುಂದಿನ ವ್ಯಾಜ್ಯಗಳು ಅಲ್ಲಿಂದಲೇ ಹುಟ್ಟಲಿವೆ ಎಂದು ನನಗೆ ಅನ್ನಿಸುತ್ತದೆ. ಸ್ಟಾನ್ ಮಾರಾಟವಾದ ಮೇಲೂ ಅದರ ಅಚ್ಚುಗಳನ್ನು ಮಾಡಿ ಮಾರುವ ಹಕ್ಕನ್ನು ಬ್ಲ್ಯಾಕ್ ಹಿಲ್ಸ್ ಸಂಸ್ಥೆ ಉಳಿಸಿಕೊಂಡಿತು. 2022ರ ನವೆಂಬರ್‌ನಲ್ಲಿ ಹಾಂಕಾಂಗ್‌ನಲ್ಲಿ ಹರಾಜಿಗಿದ್ದ 'ಶೆನ್' ಎಂಬ ಟಿ. ರೆಕ್ಸ್‌ನಲ್ಲಿ ಇಲ್ಲದ ಮೂಳೆಗಳ ಜಾಗಕ್ಕೆ ಸ್ಟಾನ್‌ನ ಪ್ರತಿಕೃತಿಗಳನ್ನು ಜೋಡಿಸಿದಂತೆ ಕಾಣುತ್ತದೆ ಎಂದು ಆ ಸಂಸ್ಥೆಯವರು ಪ್ರಶ್ನೆ ಎತ್ತಿದರು. ಹರಾಜಿಗೆ ಕೆಲವೇ ದಿನ ಇರುವಾಗ ಕ್ರಿಸ್ಟೀಸ್ ಅದನ್ನು ಪಟ್ಟಿಯಿಂದ ತೆಗೆಯಿತು. ಈಗ ಮೂಳೆಯನ್ನು ಮುಟ್ಟದೆಯೇ ಸ್ಕ್ಯಾನ್ ಮಾಡಿ, ಜಗತ್ತಿನ ಯಾವ ಮೂಲೆಯಲ್ಲಾದರೂ ಮುದ್ರಿಸಿಕೊಳ್ಳಬಹುದು. ಮೂಳೆ ಸರ್ಕಾರದ್ದು, ಸ್ಕ್ಯಾನ್ ಮಾಡಿದ್ದು ವಿದೇಶಿ ವಿಶ್ವವಿದ್ಯಾಲಯ, ಯಂತ್ರ ಖಾಸಗಿ ಕಂಪನಿಯದ್ದು ಎಂದಾದರೆ ಆ ಕಡತ ಯಾರದು? ಅಗೆಯುವ ಮೊದಲು ಸಹಿ ಹಾಕುವ ಕರಾರಿನಲ್ಲಿ ಮೂಳೆ, ಸ್ಥಳದ ಟಿಪ್ಪಣಿ, ಛಾಯಾಚಿತ್ರಗಳ ಜೊತೆಗೆ ಅಚ್ಚು ಮತ್ತು ಸ್ಕ್ಯಾನ್ ಕಡತಗಳ ಹಕ್ಕು ಯಾರದೆಂಬುದನ್ನೂ, ಸಂಶೋಧಕರಿಗೆ ಅವು ಶುಲ್ಕವಿಲ್ಲದೆ ದೊರೆಯಬೇಕೆಂಬುದನ್ನೂ ಬರೆದಿರಬೇಕು.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ